ಚೌಕಾಬಾರವೋ, ಅಳಿಗುಳಿ ಮಣೆಯೋ, ಹುಲಿ-ಕುರಿಯೋ: ಮಕ್ಕಳಿಗೆ ಯಾವ ಆಟ ಮೊದಲು?

ಏಪ್ರಿಲ್ ಬಂತು ಅಂದರೆ ನನಗೆ ಇದೊಂದು ಪ್ರಶ್ನೆ ತಪ್ಪದೆ ಬರುತ್ತದೆ. ತಂಗಿ ಕೇಳುತ್ತಾಳೆ, ಕೆಳಗಿನ ಮನೆಯವರು ಕೇಳುತ್ತಾರೆ, ಶಾಲೆ ಗೇಟಿನ ಹತ್ತಿರ ಕಾಯುತ್ತಾ ನಿಂತ ಅಮ್ಮಂದಿರು ಕೇಳುತ್ತಾರೆ. ‘ನಾವು ಚಿಕ್ಕವರಿದ್ದಾಗ ಆಡಿದ್ದನ್ನ ಮಕ್ಕಳಿಗೂ ಕಲಿಸೋಣ ಅಂತಿದೀವಿ, ಯಾವುದರಿಂದ ಶುರು ಮಾಡೋದು?’ ಅಟ್ಟದ ಮೇಲೆ ಅಜ್ಜಿಯ ಕಾಲದ ಅಳಿಗುಳಿ ಮಣೆ ಇರುತ್ತದೆ, ಅಂಗಡಿಯಲ್ಲಿ ಬಣ್ಣದ ಕಾಯಿಗಳಿರುವ ಚೌಕಾಬಾರದ ಸೆಟ್ ಕಣ್ಣಿಗೆ ಬೀಳುತ್ತದೆ, ಗಂಡನಿಗೆ ಕೇರಂ ಬೋರ್ಡೇ ಆಗಬೇಕು, ಮಗುವಿನ ಕೈಯಲ್ಲಿ ಆಗಲೇ ಮೊಬೈಲ್ ಲೂಡೋ.

ಈ ವಿಷಯದಲ್ಲಿ ನಾನು ಒಂದು ಸಲ ಚೆನ್ನಾಗಿಯೇ ಎಡವಿದ್ದೇನೆ. ಮಗಳಿಗೆ ಐದು ತುಂಬಿದ ವರ್ಷ, ಪುತ್ತೂರಿನ ಅತ್ತೆ ಮನೆಯಿಂದ ಹಳೇ ಚೆನ್ನೆಮಣೆ, ಅಂದರೆ ಅಳಿಗುಳಿ ಮಣೆ, ಹೊತ್ತುಕೊಂಡು ಬಂದು, ಒರೆಸಿ, ಎಣ್ಣೆ ಸವರಿ, ಹುಣಸೆ ಬೀಜ ತುಂಬಿ, ಅವಳನ್ನು ಎದುರಿಗೆ ಕೂರಿಸಿಕೊಂಡೆ. ಹತ್ತು ನಿಮಿಷವೂ ಆಗಿರಲಿಲ್ಲ, ಅವಳು ಒಂದು ಗುಳಿಯಲ್ಲಿ ಸಾರು, ಇನ್ನೊಂದರಲ್ಲಿ ಪಲ್ಯ ಮಾಡಿ ನನಗೆ ಬಡಿಸುತ್ತಿದ್ದಳು. ನನಗೆ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದರೆ ತಪ್ಪು ಅವಳದ್ದಲ್ಲ. ಅಷ್ಟು ಚಿಕ್ಕ ಮಗುವಿಗೆ ಅದು ಇನ್ನೂ ಆಟವೇ ಆಗಿರಲಿಲ್ಲ, ಹದಿನಾಲ್ಕು ಪುಟ್ಟ ಬಟ್ಟಲು ಅಷ್ಟೇ.

ಈಗ ಮಗಳಿಗೆ ಒಂಬತ್ತು, ಮಗನಿಗೆ ಐದೂವರೆ. ಈ ನಾಲ್ಕು ವರ್ಷದಲ್ಲಿ ಎಲ್ಲವನ್ನೂ ಒಂದೊಂದಾಗಿ ಆಡಿ ನೋಡಿದ್ದೇವೆ. ಆಟ ಆರಿಸುವ ಮೊದಲು ನಾನು ನೋಡುವುದು ಇಷ್ಟು.

ಮೊದಲನೆಯದು, ನಾನು ಬೇಕಂತ ಸೋಲದೆ ಮಗು ನನ್ನನ್ನು ಸೋಲಿಸಬಹುದಾ? ಇದು ನನಗೆ ಎಲ್ಲಕ್ಕಿಂತ ದೊಡ್ಡದು. ನಾವು ಸುಮ್ನೆ ಬಿಟ್ಟುಕೊಟ್ಟಿದ್ದು ಮಕ್ಕಳಿಗೆ ಆರು ವರ್ಷದ ಹೊತ್ತಿಗೆ ಗೊತ್ತಾಗಿಬಿಡುತ್ತದೆ, ಗೊತ್ತಾದ ದಿನ ಆಟದ ರುಚಿ ಹೋಗುತ್ತದೆ. ಹಾಗಂತ ಪ್ರತಿ ಸಲ ನಾವೇ ಗೆದ್ದರೆ ಮೂರನೇ ದಿನ ಮಗು ಕರೆದರೂ ಬರುವುದಿಲ್ಲ. ಎರಡನೆಯದು ಹೊತ್ತು: ಶಾಲೆ ಇರುವ ದಿನ ಊಟಕ್ಕೂ ನಿದ್ದೆಗೂ ನಡುವೆ ನಮಗೆ ಸಿಗುವುದು ಇಪ್ಪತ್ತು ನಿಮಿಷ. ಮೂರನೆಯದು, ಎಷ್ಟು ಜನ ಆಡಬಹುದು. ಒಂದೇ ಮಗು ಇರುವ ಮನೆಗೂ, ರಜೆಯಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆಲ್ಲ ಸೇರುವ ಮನೆಗೂ ಒಂದೇ ಆಟ ಹೊಂದುವುದಿಲ್ಲ. ನಾಲ್ಕನೆಯದು ಸೋತಾಗ ಹೊಟ್ಟೆ ಎಷ್ಟು ಉರಿಯುತ್ತದೆ ಅನ್ನುವುದು. ಖರ್ಚನ್ನು ನಾನು ಕೊನೆಗೆ ಇಟ್ಟಿದ್ದೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಚೌಕಾಬಾರ

ನನ್ನ ಆಟ ಇದು. ಅರಸೀಕೆರೆ ಹತ್ತಿರದ ಅಜ್ಜಿ ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಚೌಕ ರಜೆ ಮುಗಿಯುವವರೆಗೂ ಅಳಿಸುತ್ತಿರಲಿಲ್ಲ. ಹಾಗಾಗಿ ನಾನು ಇದರ ಕಡೆ ಸ್ವಲ್ಪ ವಾಲಿದರೆ ಕ್ಷಮಿಸಿ. ಕೆಲವು ಕಡೆ ಕಟ್ಟೆಮನೆ ಅಂತಲೂ ಕರೆಯುತ್ತಾರೆ. ಐದಕ್ಕೆ ಐದು, ಅಂದರೆ 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ನಾಲ್ಕು ಕವಡೆ ಹಾಕಬೇಕು. ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ. ಒಂದು ಕಾಯಿ ನಡುವಿನ ಮನೆ ಸೇರಿ ಹಣ್ಣಾಗಲು 24 ಹೆಜ್ಜೆ ನಡೆಯಬೇಕು, ಅಂಥವು ಒಬ್ಬೊಬ್ಬರಿಗೆ ನಾಲ್ಕು.

ಮೊದಲನೇ ಅಳತೆಯಲ್ಲಿ ಇದನ್ನು ಮೀರಿಸುವ ಆಟ ನನಗೆ ಸಿಕ್ಕಿಲ್ಲ. ಕವಡೆಗೆ ಅಮ್ಮ ಯಾರು ಮಗ ಯಾರು ಅಂತ ಗೊತ್ತಿಲ್ಲ. ಆದರೂ ಇದು ಬರೀ ಅದೃಷ್ಟದ ಆಟ ಅಲ್ಲ. ಮೂರು ಬಿದ್ದರೆ ಯಾವ ಕಾಯಿ ನಡೆಸುವುದು, ಕಟ್ಟೆಯಲ್ಲಿ, ಅಂದರೆ ಯಾರೂ ಹೊಡೆಯಲಾಗದ ಮನೆಯಲ್ಲಿ, ಕೂತ ಕಾಯಿಯನ್ನು ಎಬ್ಬಿಸುವುದಾ ಬೇಡವಾ, ಎದುರಿನವರ ಕಾಯಿ ಹೊಡೆದು ಶುರುವಿಗೆ ಕಳಿಸುವುದಾ ಅಥವಾ ಓಡಿ ಮನೆ ಸೇರುವುದಾ. ಐದೂವರೆ ವರ್ಷದ ಮಗ ಹೊಡೆಯುವುದನ್ನು ಬಿಟ್ಟು ಬೇರೇನೂ ಯೋಚಿಸುವುದಿಲ್ಲ, ಆದರೂ ವಾರಕ್ಕೆ ಎರಡು ಸಲವಾದರೂ ನನ್ನನ್ನು ಗೆಲ್ಲುತ್ತಾನೆ. ಮಗಳು ಈಗ ನನಗಿಂತ ಚೆನ್ನಾಗಿ ಲೆಕ್ಕ ಹಾಕುತ್ತಾಳೆ. ಮೊನ್ನೆ ಅವಳೇ ಕೇಳಿದಳು, ‘ಅಮ್ಮ, ಎರಡು ಯಾಕೆ ಇಷ್ಟೊಂದು ಸಲ ಬೀಳುತ್ತೆ?’ ಕೂತು ಬರೆದೆವು. ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬರುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ನಾಲ್ಕು ನಾಲ್ಕು ಬಗೆಯಲ್ಲಿ, ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಕವಡೆಯ ಎರಡು ಮಗ್ಗುಲು ಒಂದೇ ಥರ ಇಲ್ಲದ್ದರಿಂದ ನಿಜದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ ಅನ್ನಿ. ಅವತ್ತಿನಿಂದ ಅವಳು ತನ್ನ ಕಾಯಿಯನ್ನು ನನ್ನ ಕಾಯಿಯ ಎರಡು ಮನೆ ಮುಂದೆ ನಿಲ್ಲಿಸುವುದೇ ಇಲ್ಲ.

ತೊಂದರೆಗಳೂ ಇವೆ. ನಾಲ್ಕು ಜನ ಪೂರ್ತಿ ಆಡಿದರೆ ನಮ್ಮ ಮನೆಯಲ್ಲಿ ಮುಕ್ಕಾಲು ಗಂಟೆ ಆಗುತ್ತದೆ, ಇಪ್ಪತ್ತು ನಿಮಿಷದಲ್ಲಿ ಮುಗಿಯುವುದಿಲ್ಲ. ಅದಕ್ಕೆ ಶಾಲೆಯ ದಿನ ಒಬ್ಬೊಬ್ಬರಿಗೆ ಎರಡೇ ಕಾಯಿ ಇಡುತ್ತೇವೆ. ಎರಡನೆಯದು ಉರಿ. ಹಣ್ಣಾಗಲು ಎರಡೇ ಮನೆ ಇರುವ ಕಾಯಿಯನ್ನು ಅಕ್ಕ ಹೊಡೆದಳು ಅಂದರೆ ತಮ್ಮನ ಕೂಗು ಮೂರನೇ ಮಹಡಿಗೆ ಕೇಳುತ್ತದೆ. ಇಲ್ಲಿ ನಿಯಮ ಬದಲಾಯಿಸಿಕೊಳ್ಳಿ, ಪಾಪ ಏನೂ ಬರುವುದಿಲ್ಲ. ನಮ್ಮ ಊರಿನಲ್ಲಿ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ, ಚಿಕ್ಕ ಮಕ್ಕಳ ಜೊತೆ ನಾವು ಅದನ್ನು ಕೈಬಿಟ್ಟಿದ್ದೇವೆ. ಒಳಸುತ್ತಿಗೆ ಹೋದ ಕಾಯಿಯನ್ನು ಹೊಡೆಯುವ ಹಾಗಿಲ್ಲ ಅಂತ ಇಟ್ಟುಕೊಂಡರೂ ಅರ್ಧ ಅಳು ನಿಲ್ಲುತ್ತದೆ.

ಖರ್ಚು? ಸೀಮೆಸುಣ್ಣ, ಬಳೆ ಚೂರು, ಹುರುಳಿ ಕಾಳು, ಅಂಗಿಯ ಗುಂಡಿ. ಕವಡೆ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಎರಡು ಹುಣಸೆ ಬೀಜವನ್ನು ಒಡೆದು ನಾಲ್ಕು ಬೇಳೆ ಮಾಡಿ, ಒಂದು ಕಡೆ ಬಿಳಿ, ಒಂದು ಕಡೆ ಕಂದು, ಮುಗಿಯಿತು. ಬಾಡಿಗೆ ಮನೆಯ ನೆಲದ ಮೇಲೆ ಬರೆಯಲು ಹಿಂಜರಿಕೆ ಆದರೆ ಹಳೇ ರಟ್ಟಿನ ಡಬ್ಬ ಬಿಚ್ಚಿ ಅದರ ಮೇಲೆ ಗೆರೆ ಎಳೆಯಿರಿ.

ಅಳಿಗುಳಿ ಮಣೆ ಅಥವಾ ಚೆನ್ನೆಮಣೆ

ನನ್ನ ಗಂಡನ ಕಡೆಯವರ ಪ್ರಾಣ ಇದು. ಕರಾವಳಿಯಲ್ಲಿ ಆಟಿ ತಿಂಗಳ ಮಳೆ ಹೊರಗೆ ಕಾಲಿಡಲು ಬಿಡದಿದ್ದಾಗ ಜಗಲಿಯಲ್ಲಿ ಮಣೆ ಇಟ್ಟುಕೊಂಡು ಕೂರುತ್ತಿದ್ದರಂತೆ. ಏಳರಂತೆ ಎರಡು ಸಾಲು, 14 ಗುಳಿ. ಗುಳಿಗೆ ನಾಲ್ಕು ಹಾಕಿದರೆ 56 ಬೀಜ ಬೇಕು, ಐದಾದರೆ 70. ಒಂದು ಗುಳಿಯ ಬೀಜ ಎಲ್ಲ ತೆಗೆದು ಒಂದೊಂದಾಗಿ ಮುಂದಿನ ಗುಳಿಗಳಿಗೆ ಹಾಕುತ್ತಾ ಹೋಗುವುದು, ಕೈ ಖಾಲಿಯಾದರೆ ಅದರ ಮುಂದಿನ ಗುಳಿಯಿಂದ ಎತ್ತಿ ಮತ್ತೆ ಹಂಚುವುದು, ಮುಂದಿನ ಗುಳಿ ಖಾಲಿ ಇದ್ದರೆ ಅದನ್ನು ದಾಟಿ ಅದರ ಮುಂದಿನದರಲ್ಲಿ ಇರುವುದೆಲ್ಲ ನಮ್ಮದು. ಹಂಚುವ, ಗೆಲ್ಲುವ ರೀತಿ ಊರಿಂದ ಊರಿಗೆ ಬೇರೆ. ನೀವು ಆಡಿದ್ದೇ ಸರಿ.

ಇದರಲ್ಲಿ ಅದೃಷ್ಟ ಇಲ್ಲ, ಪೂರ್ತಿ ಲೆಕ್ಕ. ಹಾಗಾಗಿ ಮೊದಲನೇ ಅಳತೆಯಲ್ಲಿ ಇದು ಸೋಲುತ್ತದೆ: ಕೈ ಎಲ್ಲಿ ಖಾಲಿಯಾಗುತ್ತದೆ ಅಂತ ದೊಡ್ಡವರು ಮೊದಲೇ ಎಣಿಸಿಕೊಂಡಿರುತ್ತಾರೆ, ಮಗು ಕಣ್ಣಿಗೆ ತುಂಬಿದ ಗುಳಿ ಕಂಡಿದ್ದೇ ಎತ್ತುತ್ತದೆ. ನಾನು ಕಂಡುಕೊಂಡ ಉಪಾಯ ಒಂದಿದೆ. ದೊಡ್ಡವರು ಮೂರು ಎಣಿಸುವಷ್ಟರಲ್ಲಿ ಗುಳಿ ಆರಿಸಬೇಕು, ಮಗು ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಇದು ಬಿಟ್ಟುಕೊಡುವುದಲ್ಲ, ನಿಜವಾಗಿಯೂ ಸೋಲುತ್ತೀರಿ, ಮಾಡಿ ನೋಡಿ. ಇನ್ನೊಂದು ವಿಷಯ, ಎರಡನೇ ಸುತ್ತಿನಲ್ಲಿ ಕಡಿಮೆ ಬೀಜ ಇರುವವರು ಕಡಿಮೆ ಗುಳಿ ತುಂಬಿಕೊಂಡು ಶುರು ಮಾಡಬೇಕು. ಸೋತವರು ಇನ್ನೂ ಸೋಲುತ್ತಾ ಹೋಗುತ್ತಾರೆ. ಏಳು ವರ್ಷದ ಒಳಗಿನ ಮಕ್ಕಳ ಜೊತೆ ಒಂದೇ ಸುತ್ತಿಗೆ ಮುಗಿಸಿ. ಹದಿನೈದು ನಿಮಿಷದ ಆಟ, ಮಲಗುವ ಮುಂಚೆ ಹೇಳಿ ಮಾಡಿಸಿದ ಹಾಗಿದೆ. ಬೀಜ ಬೀಳುವ ಆ ಟಕ್ ಟಕ್ ಸದ್ದಿಗೇ ಮನೆ ತಣ್ಣಗಾಗುತ್ತದೆ.

ಉರಿಯ ವಿಷಯಕ್ಕೆ ಬಂದರೆ ತುಳುನಾಡಿನಲ್ಲಿ ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಅನ್ನುತ್ತಾರೆ. ಸಿರಿಯ ಪಾಡ್ದನದಲ್ಲಿ, ಅಂದರೆ ತುಳುವಿನ ಜನಪದ ಹಾಡುಗಥೆಯಲ್ಲಿ, ಅಬ್ಬಗ-ದಾರಗ ಅನ್ನುವ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತಾ ಜಗಳಕ್ಕೆ ಬೀಳುತ್ತಾರೆ, ಒಬ್ಬಳು ಮಣೆಯಿಂದಲೇ ಹೊಡೆದು ಇನ್ನೊಬ್ಬಳನ್ನು ಕೊಲ್ಲುತ್ತಾಳೆ. ಮಗಳೂ ಅವಳ ಅತ್ತೆಯ ಮಗಳೂ ಬೀಜ ಎಣಿಸುವಲ್ಲಿ ಕಿತ್ತಾಡಿಕೊಂಡಾಗ ನಮ್ಮ ಅತ್ತೆ ಸುಮ್ಮನೆ ಬಂದು ಮಣೆ ಎತ್ತಿಕೊಂಡು ಒಳಗೆ ಹೋದರು. ಮಣೆ ಭಾರ ಇರುತ್ತದೆ ಕಣ್ರೀ, ಕಥೆ ನಂಬದವರೂ ಅದನ್ನು ಮಾತ್ರ ನೆನಪಿಡಿ.

ಮತ್ತೆ ಒಂದು ಮಾತು, ಇದು ತಮಾಷೆಯದ್ದಲ್ಲ. ಚೆಂದ ಕಾಣುತ್ತದೆ ಅಂತ ಗುಲಗಂಜಿ ಹಾಕಬೇಡಿ. ಹಿಂದಿನವರು ಹಾಕುತ್ತಿದ್ದರು ನಿಜ, ಆದರೆ ಅದು ವಿಷದ ಬೀಜ, ಮಗು ಜಗಿದು ನುಂಗಿದರೆ ಜೀವಕ್ಕೇ ಅಪಾಯ. ಹುಣಸೆ ಬೀಜ ಸಾಕು. ಮೂರು ವರ್ಷದ ಒಳಗಿನ ಮಗು ಮನೆಯಲ್ಲಿದ್ದರೆ ಅದೂ ಬೇಡ, ಯಾವ ಸಣ್ಣ ಕಾಳೂ ಬೇಡ. ಮೂಗಿಗೋ ಬಾಯಿಗೋ ಹೋಗುತ್ತದೆ. ಅಲ್ಲಿಯವರೆಗೆ ಮಣೆ ಅಟ್ಟದ ಮೇಲೆಯೇ ಇರಲಿ.

ಮಣೆ ಇಲ್ಲದವರು ಹೊಸದು ಕೊಳ್ಳಬೇಕಾ? ಮರದ್ದು ಕೊಂಡರೆ ಗಟ್ಟಿ ಮರದ ಒಳ್ಳೇ ಮಣೆಗೆ ಸಾವಿರದ ಮೇಲೆ ಕೊಡಬೇಕಾಗಬಹುದು. ಮೊದಲು ಮೊಟ್ಟೆಯ ಟ್ರೇ ಕತ್ತರಿಸಿ ಏಳೇಳು ಗುಳಿ ಮಾಡಿ ಒಂದು ತಿಂಗಳು ಆಡಿ. ಮಗು ತಾನಾಗಿ ಬಂದು ‘ಆಡೋಣ ಬಾ’ ಅಂದರೆ ಆಮೇಲೆ ಕೊಳ್ಳಿ.

ಹುಲಿ-ಕುರಿ

ಆಡು-ಹುಲಿ ಅಂತಲೂ ಅನ್ನುತ್ತಾರೆ. ತ್ರಿಕೋನದ ಪಟ, 23 ಬಿಂದು, 3 ಹುಲಿ, 15 ಕುರಿ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ, ಕುರಿಗಳು ಸೇರಿ ಹುಲಿ ಅಲ್ಲಾಡದ ಹಾಗೆ ಕಟ್ಟಬೇಕು. ಎಲ್ಲ ಕುರಿ ಇಟ್ಟು ಮುಗಿಯುವವರೆಗೆ ಯಾವ ಕುರಿಯನ್ನೂ ನಡೆಸುವ ಹಾಗಿಲ್ಲ. ಹಂಪಿಗೆ ಹೋದಾಗ ಮಕ್ಕಳಿಗೆ ದೇವಸ್ಥಾನದ ಕಲ್ಲುಹಾಸನ್ನು ನೋಡಲು ಹೇಳಿ, ಯಾರೋ ಕೂತು ಕೆತ್ತಿದ ಆಟದ ಪಟಗಳು ಅಲ್ಲಲ್ಲಿ ಕಾಣುತ್ತವೆ. ನನ್ನ ಮಕ್ಕಳಿಗೆ ಕಲ್ಲಿನ ರಥಕ್ಕಿಂತ ಅದೇ ಜಾಸ್ತಿ ಹಿಡಿಸಿತು.

ಈ ಆಟದ ಚೆಂದ ಅಂದರೆ ಎರಡು ಕಡೆಯೂ ಒಂದೇ ಅಲ್ಲ. ಹುಲಿ ಆಡುವುದು ಸುಲಭ, ಕುರಿ ಆಡುವುದಕ್ಕೆ ತಾಳ್ಮೆ ಬೇಕು. ಹಾಗಾಗಿ ಆರು ವರ್ಷದ ಮಗುವಿಗೆ ಹುಲಿ ಕೊಟ್ಟು ನೀವು ಕುರಿ ತೆಗೆದುಕೊಂಡರೆ ಪಂದ್ಯ ನಿಜವಾಗಿಯೂ ಸಮಸಮ. ಎಷ್ಟು ಕುರಿ ತಿಂದರೆ ಹುಲಿ ಗೆದ್ದಂತೆ ಅನ್ನುವುದನ್ನು ನೀವೇ ಹೊಂದಿಸಿಕೊಳ್ಳಬಹುದು. ನಾವು ಐದು ಇಟ್ಟಿದ್ದೇವೆ. ಮಗು ಬಲಿತ ಹಾಗೆ ಏಳು ಮಾಡಿ, ಒಂದು ದಿನ ಕುರಿಯನ್ನೇ ಕೈಗೆ ಕೊಡಿ. ನನ್ನ ಮಗಳು ಕುರಿ ಆಡಿ ಮೊದಲ ಸಲ ನನ್ನ ಮೂರೂ ಹುಲಿಗಳನ್ನು ಕಟ್ಟಿಹಾಕಿದ ಸಂಜೆ ಅಡುಗೆಮನೆ, ಬಾಲ್ಕನಿ, ಎಲ್ಲ ಕಡೆ ಓಡಾಡಿ ಹೇಳಿಕೊಂಡು ಬಂದಳು.

ಕೊರತೆ ಅಂದರೆ ಇಬ್ಬರೇ ಆಡಬೇಕು. ಮೂರನೆಯವರು ಪಕ್ಕದಲ್ಲಿ ಕೂತು ಹೇಳಿಕೊಡಲು ಶುರು ಮಾಡುತ್ತಾರೆ, ಜಗಳ ಅಲ್ಲೇ ಹುಟ್ಟುತ್ತದೆ. ಐದರ ಒಳಗಿನ ಮಕ್ಕಳಿಗೆ ಗೆರೆ ಎಲ್ಲಿದೆ ಎಲ್ಲಿಲ್ಲ ಅನ್ನುವುದೇ ಗೊಂದಲ. ಒಂದೇ ಮಗು ಇರುವ ಮನೆಗೆ, ಕೂತು ಯೋಚಿಸುವ ಸ್ವಭಾವದ ಮಗುವಿಗೆ, ನಾನು ಚೌಕಾಬಾರಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ. ಚೆಸ್ ಕ್ಲಾಸಿಗೆ ಹಾಕೋಣ ಅಂತಿರುವವರಿಗೂ ಹೇಳುತ್ತೇನೆ. 2024ರಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಮಕ್ಕಳು ಕ್ಲಾಸಿಗೆ ಸೇರಿದ್ದಾರೆ, ಸೇರಲಿ ಪಾಪ. ಆದರೆ ಮೊದಲು ಆರು ಥರದ ಕಾಯಿಯ ನಡೆ ನೆನಪಿಟ್ಟುಕೊಳ್ಳುವುದಕ್ಕಿಂತ ಎರಡೇ ಥರದ ಕಾಯಿಯಲ್ಲಿ ಎರಡು ನಡೆ ಮುಂದೆ ಯೋಚಿಸುವುದು ಕಲಿತರೆ ಹಗುರ ಅಲ್ವಾ.

ಹಾವು-ಏಣಿ, ಲೂಡೋ

ಇವೆರಡಕ್ಕೆ ಜಾಸ್ತಿ ಹೊತ್ತು ಬೇಡ. ಹಾವು-ಏಣಿಯಲ್ಲಿ ಮಗು ಒಂದೂ ತೀರ್ಮಾನ ತೆಗೆದುಕೊಳ್ಳುವುದಿಲ್ಲ, ದಾಳ ಹೇಳಿದ ಹಾಗೆ ನಡೆಯುವುದು ಅಷ್ಟೇ. ಅದಕ್ಕೇ ನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಎಂಟು ವರ್ಷದ ಮಗುವಿಗೆ ಇದಕ್ಕಿಂತ ಬೇಜಾರಿನದ್ದಿಲ್ಲ. ಕೊಳ್ಳುವ ಬದಲು ಮಗುವಿನ ಜೊತೆ ಕೂತು ಡ್ರಾಯಿಂಗ್ ಹಾಳೆಯ ಮೇಲೆ ಹತ್ತಕ್ಕೆ ಹತ್ತು ಗೆರೆ ಎಳೆದು, ಒಂದರಿಂದ ನೂರನ್ನು ಕನ್ನಡ ಅಂಕಿಯಲ್ಲಿ ಬರೆಸಿ. ಹಾವು ಎಲ್ಲಿ ಇಡಬೇಕು ಅಂತ ಮಗುವೇ ಹೇಳಲಿ. ನನ್ನ ಮಗ 99ರಲ್ಲಿ ಇಟ್ಟ, ಮೂರು ಸಲ ಅವನೇ ಬಿದ್ದ.

ಲೂಡೋ ನಮ್ಮ ಪಚ್ಚೀಸಿಯ ಮಗು. ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಮಾಡಿಸಿಕೊಂಡು ವಾಪಸ್ ನಮಗೇ ಬಂತು. ಫ್ಯಾನ್ಸಿ ಅಂಗಡಿಯಲ್ಲಿ ನೂರು ರೂಪಾಯಿ ಒಳಗೆ ರಟ್ಟಿನದ್ದು ಸಿಗುತ್ತದೆ, ಹಿಂದೆ ಹಾವು-ಏಣಿಯೂ ಇರುತ್ತದೆ. ನನಗೆ ಇರುವ ತಕರಾರು ಒಂದೇ, ಆ ಆರು. ಮೂರು ಸಲ ಹಾಕಿದರೂ ಒಂದೂ ಆರು ಬೀಳದಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, 216ರಲ್ಲಿ 125. ಚಿಕ್ಕ ಮಗು ಒಂದು ಕಾಯಿಯೂ ಹೊರಗೆ ಬರದೆ ಎಲ್ಲರನ್ನೂ ನೋಡುತ್ತಾ ಕೂರಬೇಕು. ಒಂದು ಕಾಯಿಯನ್ನು ಮೊದಲೇ ಹೊರಗಿಟ್ಟು ಶುರು ಮಾಡಿ. ಮೊಬೈಲ್ ಲೂಡೋಗೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತಾಗಬೇಕಿದ್ದರೆ ಎರಡು ದಿನ ಎರಡನ್ನೂ ಆಡಿ. ಅಲ್ಲಿ ಎಣಿಸುವುದೂ ಮೊಬೈಲೇ, ಕಾಯಿ ನಡೆಸುವುದೂ ಮೊಬೈಲೇ, ಮಗು ಬೆರಳು ಒತ್ತುತ್ತದೆ ಅಷ್ಟೇ.

ಕೇರಂ

ಎಂಟು ವರ್ಷ ದಾಟಿದ ಮೇಲೆ ಮಾತ್ರ. ಪಂದ್ಯದ ಅಳತೆಯ ಬೋರ್ಡಿನ ಆಡುವ ಜಾಗವೇ 74 ಸೆಂಟಿಮೀಟರ್ ಚೌಕ. ಚಿಕ್ಕ ಮಗುವಿಗೆ ಎದುರಿನ ಮೂಲೆಯ ಕಾಯಿ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ, ಸ್ಟ್ರೈಕರ್ ಹೊಡೆದು ಬೆರಳು ನೋಯಿಸಿಕೊಳ್ಳುತ್ತದೆ. ಚಿಕ್ಕ ಬೋರ್ಡ್ ತರೋಣ ಅಂತ ಅನಿಸುತ್ತದೆ. ನಾವೂ ತಂದೆವು, ಒಂದು ಅಂಗಡಿಯವರು ‘ಮಕ್ಕಳಿಗೆ ಇದೇ ಸರಿ’ ಅಂತ ಕೊಟ್ಟ ತೆಳು ಹಲಗೆ ಒಂದೇ ಮಳೆಗಾಲಕ್ಕೆ ಬಾಗಿ ಕಾಯಿಗಳೆಲ್ಲ ನಡುವೆ ಬಂದು ಕೂರುತ್ತಿದ್ದವು. ಕೊಂಡರೆ ದಪ್ಪ ಹಲಗೆಯ ದೊಡ್ಡ ಬೋರ್ಡನ್ನೇ ಕೊಳ್ಳಿ, ಇಲ್ಲವಾದರೆ ಕಾಯಿರಿ. ಬೋರ್ಡು, ಸ್ಟ್ಯಾಂಡು, ಮೇಲೊಂದು ದೀಪ, ಪೌಡರ್, ಇವೆಲ್ಲ ಸೇರಿ ಈ ಪಟ್ಟಿಯಲ್ಲಿ ದುಬಾರಿ ಇದೇ, ಗೋಡೆಗೆ ಒರಗಿಸಿದರೂ ಜಾಗ ತಿನ್ನುವುದೂ ಇದೇ. ಆದರೆ ಹನ್ನೆರಡು ಹದಿಮೂರರ ಮಗ ರೂಮಿನ ಬಾಗಿಲು ಹಾಕಿಕೊಂಡು ಮಾತೇ ಆಡುವುದಿಲ್ಲ ಅನ್ನುವ ಮನೆಯಲ್ಲಿ ಅಪ್ಪನಿಗೆ ಇದಕ್ಕಿಂತ ಒಳ್ಳೇ ದಾರಿ ನನಗೆ ತಿಳಿದಿಲ್ಲ. ಎದುರುಬದುರು ಕೂತು ಮಾತಾಡಬೇಕಿಲ್ಲ, ರೆಡ್ ಯಾರು ಹಾಕುತ್ತಾರೆ ಅಂತ ನೋಡುತ್ತಾ ಮಾತು ತಾನಾಗಿ ಬರುತ್ತದೆ.

ಬಿಸಿನೆಸ್ ಆಟ ನಮ್ಮಲ್ಲಿ ತುಂಬಾ ಜನರ ನೆನಪಿನ ಆಟ ಅಂತ ಗೊತ್ತು. ಎರಡು ಗಂಟೆಗೂ ಮುಗಿಯುವುದಿಲ್ಲ, ದುಡ್ಡು ಖಾಲಿಯಾದ ಮಗು ಉಳಿದವರು ಮುಗಿಸುವವರೆಗೆ ಸುಮ್ಮನೆ ಕೂರಬೇಕು. ಬೇಸಿಗೆ ರಜೆಗೆ ಮಾತ್ರ.

ಈಗ ನಿಮ್ಮ ಮನೆಗೆ ಯಾವುದು? ನಾಲ್ಕರಿಂದ ಐದು ವರ್ಷದ ಮಗುವಾದರೆ ಕೈಯಲ್ಲಿ ಬರೆದ ಹಾವು-ಏಣಿ, ಆರು ತಿಂಗಳ ನಂತರ ಎರಡು ಕಾಯಿಯ ಚೌಕಾಬಾರ. ಐದರಿಂದ ಎಂಟರ ಇಬ್ಬರು ಮೂವರು ಮಕ್ಕಳಿದ್ದರೆ, ಅಥವಾ ಅಜ್ಜಿ ತಾತ ಜೊತೆಗಿದ್ದರೆ, ಬೇರೆ ಯೋಚನೆ ಬೇಡ, ಚೌಕಾಬಾರ. ಒಬ್ಬನೇ ಮಗ ಅಥವಾ ಒಬ್ಬಳೇ ಮಗಳು, ಆರು ದಾಟಿದೆ, ಅಂದರೆ ಹುಲಿ-ಕುರಿ. ಸೋತರೆ ವಸ್ತು ಎಸೆಯುವ ಮಗುವಿಗೂ ಇದನ್ನೇ ಹೇಳುತ್ತೇನೆ, ಹುಲಿ ಕೈಯಲ್ಲಿದ್ದಾಗ ಸೋತರೂ ನಾಲ್ಕು ಕುರಿ ತಿಂದ ಸಮಾಧಾನ ಇರುತ್ತದೆ. ಗಲಾಟೆ ಇಷ್ಟಪಡದ, ಎಣಿಸುವುದೇ ಖುಷಿ ಅನ್ನುವ ಮಗುವಿಗೆ ಏಳರ ನಂತರ ಅಳಿಗುಳಿ ಮಣೆ. ಎರಡು ಮಕ್ಕಳ ನಡುವೆ ನಾಲ್ಕೈದು ವರ್ಷದ ಅಂತರ ಇದ್ದರೆ ಚಿಕ್ಕವರನ್ನು ಅಪ್ಪನ ಜೊತೆ ಜೋಡಿ ಮಾಡಿ: ಮಗು ಕವಡೆ ಹಾಕುತ್ತದೆ, ಕಾಯಿ ಯಾವುದು ಅಂತ ಇಬ್ಬರೂ ಸೇರಿ ಹೇಳುತ್ತಾರೆ.

ಉಡುಗೊರೆಗೆ ಚೆಂದದ್ದೇ ಬೇಕು ಅನ್ನುವವರಿಗೆ ದಾರಿ ಇದೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಕಾಯಿಗಳು ಕೈಗೆ ಹಿತ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಅನ್ನುವ ಹೆಸರಿನಲ್ಲಿ ಇಂಥ ಆಟಗಳ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ, ಬಗೆಬಗೆಯ ಪಟಗಳನ್ನು ಅಲ್ಲಿ ನೋಡಬಹುದು. ಮೈಸೂರಿಗೆ ಇದು ಹೊಸದೇನಲ್ಲ, ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಆಟದ ಪಟಗಳನ್ನು ರಚಿಸಿದವರು. ಆದರೆ ಮೊದಲ ಆಟಕ್ಕೆ ಇಷ್ಟೆಲ್ಲ ಬೇಡ. ರೇಷ್ಮೆ ಬಟ್ಟೆಯ ಪಟ ತಂದರೆ ಅದರ ಮೇಲೆ ಮಗು ಹಾಲು ಚೆಲ್ಲಿದಾಗ ಬಯ್ಯುವವರು ನಾವೇ.

ಹೊರದೇಶದಲ್ಲಿರುವವರಿಗೆ ಕವಡೆ, ಹುಣಸೆ ಬೀಜ ಹುಡುಕುವುದೇ ಕೆಲಸ ಆಗಬಹುದು. ನಾಲ್ಕು ನಾಣ್ಯ ಸಾಕು, ತಲೆ ಬಿದ್ದರೆ ಅಂಗಾತ, ಇಲ್ಲದಿದ್ದರೆ ಬೋರಲು. ನನ್ನ ಅಣ್ಣ ಜರ್ಮನಿಯಲ್ಲಿದ್ದಾನೆ, ಅವನ ಮಗಳು ಭಾನುವಾರ ವೀಡಿಯೋ ಕಾಲಿನಲ್ಲಿ ಅಜ್ಜಿಯ ಜೊತೆ ಚೌಕಾಬಾರ ಆಡುತ್ತಾಳೆ. ಎರಡೂ ಕಡೆ ಒಂದೊಂದು ಪಟ ಬರೆದುಕೊಂಡು, ಎದುರಿನವರ ಕಾಯಿಯನ್ನೂ ತಾವೇ ನಡೆಸಿಕೊಳ್ಳುತ್ತಾರೆ. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ಹೊಡೆದೆ, ಕಟ್ಟೆ, ಹಣ್ಣು, ಇವೆಲ್ಲ ಈಗ ಸಲೀಸು. ಹೋದ ವಾರ ಅಮ್ಮ ಕ್ಯಾಮೆರಾದಿಂದ ಆಚೆ ಕವಡೆ ಹಾಕಿ ‘ಬಾರ ಬಿತ್ತು’ ಅಂತ ಎಂಟು ಮನೆ ನಡೆಸಿದರಂತೆ. ಎರಡನೇ ಸಲ ಬಾರ ಅಂದಾಗ ಆ ಹುಡುಗಿ ಹೇಳಿದ್ದು, ‘ಅಜ್ಜಿ, ತಟ್ಟೆಯಲ್ಲಿ ಹಾಕಿ ತೋರಿಸಿ.’